ಹುಳಿ ಹಣ್ಣುಗಳ ಮನೆತನ

1. ಮಣಿಪಾಲದ ಹಣ್ಣಿನ ಅಂಗಡಿ

ಕಾರ್ಕಳದ ಹತ್ತಿರ ಒಂದು ಹಳ್ಳಿ. ಅಲ್ಲಿಂದ ಅತ್ತೆ ಮತ್ತು ಸೊಸೆ ಬಸ್ಸು ಹತ್ತಿ ಮಣಿಪಾಲಕ್ಕೆ ಬಂದರು. ಸೊಸೆಗೆ ಆರು ತಿಂಗಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಆಯಿತು. ಚೀಟಿ ಕೈಗೆ ಬಂತು. ಅದರಲ್ಲಿ 9.2 ಎಂದು ಬರೆದಿತ್ತು.

ಡಾಕ್ಟರಮ್ಮ ಹೇಳಿದರು: "ಗರ್ಭಿಣಿಯರಿಗೆ ಇದು 11 ಆದರೂ ಇರಬೇಕು. ನಿಮಗೆ ರಕ್ತ ಕಡಿಮೆ ಇದೆ. ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ಹಣ್ಣು, ಸೊಪ್ಪು ತಿನ್ನಿ."

ಅತ್ತೆಗೆ ಎದೆ ಧಸಕ್ಕೆಂದಿತು. ಹಿಂದೆ ಅವರ ತಂಗಿಗೂ ಹೀಗೇ ಆಗಿತ್ತು. ಹೆರಿಗೆಯಲ್ಲಿ ರಕ್ತ ಹೋಗಿ ಬಹಳ ಕಷ್ಟವಾಗಿತ್ತು. ಅದು ಅವರಿಗೆ ಮರೆತಿಲ್ಲ.

ಹೊರಗೆ ಬಂದರೆ ಎದುರಿಗೇ ದೊಡ್ಡ ಹಣ್ಣಿನ ಅಂಗಡಿ. ಮುಂದೆ ಸಣ್ಣ ಸಣ್ಣ ಕಿತ್ತಳೆ ಜೋಡಿಸಿ ಇಟ್ಟಿದ್ದರು. ಥಳ ಥಳ ಹೊಳೆಯುತ್ತಿತ್ತು. ಒಂದೊಂದಕ್ಕೂ ಪುಟ್ಟ ಚೀಟಿ ಅಂಟಿಸಿತ್ತು.

"ಇದೆಂತದು ಮಾರಾಯ್ರೆ, ಕಿತ್ತಳೆಯ ಮರಿಯಾ?" ಅತ್ತೆ ಕೇಳಿದರು.

"ಇದು ಹೊರದೇಶದ್ದು ಅಮ್ಮ. ಮ್ಯಾಂಡರಿನ್. ಬೀಜ ಇಲ್ಲ. ಸಿಪ್ಪೆ ಸುಲಭ. ಕಿಲೋಗೆ 240 ರೂಪಾಯಿ" ಎಂದ ಅಂಗಡಿಯವ.

"ಅಯ್ಯಬ್ಬಾ! ಅಷ್ಟಾ? ಬೇಡ ಅತ್ತೆ" ಎಂದಳು ಸೊಸೆ.

"ನೀನು ಸುಮ್ಮನಿರು ಮಗಾ. ಹೊರದೇಶದ ಹಣ್ಣು ಅಂದರೆ ರಕ್ತಕ್ಕೆ ಒಳ್ಳೆಯದು ಇರಬೇಕು. ಅರ್ಧ ಕಿಲೋ ಕೊಡಿ."

ಅಂಗಡಿಯವ ಹಣ್ಣು ತಕ್ಕಡಿಯ ಮೇಲಿಟ್ಟ. "120 ರೂಪಾಯಿ ಕೊಡಿ" ಎಂದ.

ಅತ್ತೆ ತಕ್ಕಡಿಯ ಅಂಕೆ ನೋಡಿದರು. ಕೆಂಪು ಅಂಕೆ. ಸೊನ್ನೆ, ಚುಕ್ಕಿ, ನಾಲ್ಕು, ಎಂಟು, ಸೊನ್ನೆ. ಅವರು ಕಲಿಕಾ ಕೇಂದ್ರಕ್ಕೆ ಹೋಗಲು ಶುರು ಮಾಡಿ ಎಂಟು ತಿಂಗಳಾಗಿತ್ತು. ಅಂಕೆ ಓದಲು ಬರುತ್ತಿತ್ತು.

"ಅರ್ಧ ಕಿಲೋ ಅಂದರೆ 0.500 ಆಗಬೇಕಲ್ಲ? ಇದು 0.480 ಉಂಟು. 20 ಗ್ರಾಂ ಕಡಿಮೆ."

ಅಂಗಡಿಯವ ತಲೆ ಎತ್ತಿ ನೋಡಿದ. "ಸರಿ ಅಮ್ಮ, 115 ಕೊಡಿ" ಎಂದ.

ಉಳಿದದ್ದು ಐದು ರೂಪಾಯಿ. ಆದರೆ ಬಸ್ಸಿನಲ್ಲಿ ಅತ್ತೆಯ ಮುಖದಲ್ಲಿ ಇದ್ದ ನಗುವಿನ ಬೆಲೆ ಐದು ರೂಪಾಯಿ ಅಲ್ಲ.

2. ಟೀಚರ್ ಹೇಳಿದ ಮಾತು

ಆ ದಿನ ಸಂಜೆ ಕಲಿಕಾ ಕೇಂದ್ರ. ಅತ್ತೆ ಎರಡು ಹಣ್ಣು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಟೀಚರ್ ಕಾಪು ಕಡೆಯವರು. ಎಲ್ಲರೂ ಸುತ್ತ ಕೂತರು.

"ಟೀಚರ್, ಇದು ನಮ್ಮ ಕಿತ್ತಳೆಯಾ, ಬೇರೆಯಾ? ಇದರಿಂದ ರಕ್ತ ಬರ್ತದಾ?"

"ಒಳ್ಳೆ ಪ್ರಶ್ನೆ. ಇವತ್ತು ಇದೇ ಪಾಠ" ಎಂದರು ಟೀಚರ್.

ಅಕ್ಕಂದಿರೇ, ಆ ಪಾಠವನ್ನು ನಾವೂ ಓದೋಣ.

3. ಮೂರು ಮೂಲ ತಾಯಂದಿರು

ಲಿಂಬೆ, ಕಿತ್ತಳೆ, ಮೂಸಂಬಿ, ಚಕ್ಕೋತ, ಕಂಚಿಹುಳಿ, ಮಾದಳ. ನೋಡಲು ಬೇರೆ ಬೇರೆ. ಆದರೆ ಎಲ್ಲವೂ ಒಂದೇ ಮನೆತನ. ಎಲೆಯನ್ನು ಕೈಯಲ್ಲಿ ಹಿಸುಕಿ ಮೂಸಿ ನೋಡಿ. ಎಲ್ಲದಕ್ಕೂ ಪರಿಮಳ ಉಂಟು. ಹಣ್ಣನ್ನು ಅಡ್ಡ ಕತ್ತರಿಸಿ ನೋಡಿ. ಎಲ್ಲದರ ಒಳಗೂ ತೊಳೆಗಳು ಚಕ್ರದ ಹಾಗೆ ಕಾಣುತ್ತವೆ.

ಈ ಮನೆತನಕ್ಕೆ ಮುಖ್ಯವಾಗಿ ಮೂವರು ಮೂಲ ತಾಯಂದಿರು ಎಂದು ವಿಜ್ಞಾನಿಗಳು ಹೇಳುತ್ತಾರೆ.

ಒಬ್ಬಳು ಚಕ್ಕೋತ. ತೆಂಗಿನಕಾಯಿಯಷ್ಟು ದೊಡ್ಡ ಹಣ್ಣು. ದಪ್ಪ ಸಿಪ್ಪೆ.

ಇನ್ನೊಬ್ಬಳು ಮಾದಳ. ಉಬ್ಬು ತಗ್ಗು ಸಿಪ್ಪೆ. ಒಳಗೆ ರಸ ಸ್ವಲ್ಪವೇ. ಪೂಜೆಗೆ ಇಡುತ್ತಾರೆ.

ಮೂರನೆಯವಳು ಕಿತ್ತಳೆ. ಇದನ್ನೇ ಇಂಗ್ಲಿಷಿನವರು ಮ್ಯಾಂಡರಿನ್ ಎನ್ನುತ್ತಾರೆ. ಚಪ್ಪಟೆ ಹಣ್ಣು. ಸಡಿಲ ಸಿಪ್ಪೆ.

ಸಾವಿರಾರು ವರ್ಷಗಳಲ್ಲಿ ಈ ಮರಗಳ ಹೂವಿನ ಪರಾಗ ಒಂದಕ್ಕೊಂದು ಬೆರೆಯಿತು. ಹೊಸ ಹಣ್ಣುಗಳು ಹುಟ್ಟಿದವು. ಚಕ್ಕೋತ ಮತ್ತು ಕಿತ್ತಳೆಯ ಸಂಬಂಧದಿಂದ ಬಂದದ್ದು ಮೂಸಂಬಿ. ಅದಕ್ಕೇ ಅದು ಕಿತ್ತಳೆಯಷ್ಟು ಸಿಹಿ, ಆದರೆ ಚಕ್ಕೋತದಂತೆ ಬಿಗಿ ಸಿಪ್ಪೆ. ಮಾದಳದ ಬಳಗದಿಂದ ಲಿಂಬೆ ಬಂತು. ಅದಕ್ಕೇ ಲಿಂಬೆ ಅಷ್ಟು ಹುಳಿ.

ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? ಮಗುವಿನ ಮೂಗು ಅಜ್ಜಿಯದು, ಕಣ್ಣು ಅಪ್ಪನದು.

4. ಜಪಾನಿನ ಸತ್ಸುಮ

ಕಿತ್ತಳೆಯ ಬಳಗದಲ್ಲಿ ತುಂಬ ಹೆಸರು ಪಡೆದ ಒಂದು ಹಣ್ಣು ಸತ್ಸುಮ. ಇದು ಜಪಾನ್ ದೇಶದ್ದು. ಜಪಾನಿನ ತೆಂಕು ತುದಿಯಲ್ಲಿ ಸತ್ಸುಮ ಎಂಬ ಸೀಮೆ ಇತ್ತು. ಈಗ ಆ ಸೀಮೆಗೆ ಕಾಗೋಶಿಮಾ ಎಂದು ಹೆಸರು. ಜಪಾನಿನವರು ಈ ಹಣ್ಣನ್ನು ಮಿಕಾನ್ ಎಂದು ಕರೆಯುತ್ತಾರೆ. 1870ರ ದಶಕದಲ್ಲಿ ಇದರ ಸಸಿಗಳು ಹಡಗಿನಲ್ಲಿ ಅಮೆರಿಕಾಕ್ಕೆ ಹೋದವು. ಊರಿನ ಹೆಸರೇ ಹಣ್ಣಿನ ಹೆಸರಾಯಿತು.

ಸತ್ಸುಮದ ಗುಣ ಏನು?

ಒಂದು: ಸಿಪ್ಪೆ ಬಹಳ ಸಡಿಲ. ಸಣ್ಣ ಮಗುವೂ ಸುಲಿಯಬಹುದು.

ಎರಡು: ಬೀಜ ಇಲ್ಲವೇ ಇಲ್ಲ ಎನ್ನಬಹುದು. ಪರಾಗ ಸೇರದೆಯೇ ಕಾಯಿ ಕಟ್ಟುತ್ತದೆ.

ಮೂರು: ಈ ಮರ ಚಳಿಯನ್ನು ತಡೆಯುತ್ತದೆ. ಬೇರೆ ಕಿತ್ತಳೆ, ಲಿಂಬೆ ಮರಗಳು ಸಾಯುವ ಚಳಿಯಲ್ಲೂ ಇದು ಬದುಕುತ್ತದೆ.

"ಬೀಜ ಇಲ್ಲದಿದ್ದರೆ ಸಸಿ ಮಾಡುವುದು ಹೇಗೆ ಟೀಚರ್?" ಒಬ್ಬಾಕೆ ಕೇಳಿದಳು.

ಕಸಿ ಕಟ್ಟುತ್ತಾರೆ. ನಮ್ಮಲ್ಲಿ ಮಾವಿಗೆ, ಮಲ್ಲಿಗೆಗೆ ಅಲ್ಲ, ಮಾವಿಗೆ ಕಟ್ಟುವ ಹಾಗೆ. ಬೇರೊಂದು ಗಟ್ಟಿ ಗಿಡದ ಬುಡಕ್ಕೆ ಸತ್ಸುಮದ ಕಣ್ಣು ಕೂರಿಸುತ್ತಾರೆ. (ಮಲ್ಲಿಗೆಗೆ ಕಡ್ಡಿ ನೆಟ್ಟರೆ ಸಾಕು. ಶಂಕರಪುರದ ಮಲ್ಲಿಗೆ ಬೆಳೆಯುವ ಅಕ್ಕಂದಿರಿಗೆ ಇದು ಗೊತ್ತೇ ಇದೆ.)

ಅತ್ತೆ ತಂದ ಹಣ್ಣು ಸತ್ಸುಮವೇ ಇರಬೇಕೆಂದಿಲ್ಲ. ಹೊರದೇಶದಿಂದ ಬರುವ ಸಣ್ಣ ಕಿತ್ತಳೆಗಳಲ್ಲಿ ಹಲವು ಜಾತಿ. ಆದರೆ ಎಲ್ಲವೂ ಒಂದೇ ಬಳಗ. ಹಣ್ಣಿನ ಮೇಲಿನ ಚೀಟಿಯನ್ನು ಓದಿ ನೋಡಿ. ಕೆಲವು ಚೀಟಿಯಲ್ಲಿ ದೇಶದ ಹೆಸರು ಇರುತ್ತದೆ. ಚೀಟಿ ಇದ್ದ ಮಾತ್ರಕ್ಕೆ ಹಣ್ಣು ಒಳ್ಳೆಯದು ಎಂದು ತಿಳಿಯಬೇಡಿ. ಚೀಟಿ ತೆಗೆದು, ತೊಳೆದು ತಿನ್ನಿ.

5. ನಮ್ಮ ನೆಲದ ಕಿತ್ತಳೆ

ನಮಗೆ ಹತ್ತಿರದ ಕಿತ್ತಳೆ ಕೊಡಗಿನದು. ಅಲ್ಲಿ ಕಾಫಿ ತೋಟದ ನಡುವೆ ಕಿತ್ತಳೆ ಮರ ಬೆಳೆಸುತ್ತಿದ್ದರು. ಇದರ ಸಿಪ್ಪೆಯೂ ಸಡಿಲ. ರುಚಿ ಹುಳಿ ಸಿಹಿ. ಬೀಜ ಉಂಟು. ಕೊಡಗಿನ ಕಿತ್ತಳೆಗೆ ಸರಕಾರದ ಭೌಗೋಳಿಕ ಗುರುತು ಸಿಕ್ಕಿದೆ. ಅಂದರೆ ಬೇರೆ ಕಡೆಯ ಹಣ್ಣಿಗೆ ಆ ಹೆಸರು ಹಾಕಿ ಮಾರುವಂತಿಲ್ಲ.

ಆದರೆ ಕೊಡಗಿನ ಕಿತ್ತಳೆ ಈಗ ಮೊದಲಿನಷ್ಟು ಇಲ್ಲ. ಮರಕ್ಕೆ ರೋಗ ಬಂತು. ಒಂದು ಸಣ್ಣ ಕೀಟ ಒಂದು ಮರದಿಂದ ಇನ್ನೊಂದಕ್ಕೆ ರೋಗ ಹರಡುತ್ತದೆ. ಎಲೆ ಹಳದಿಯಾಗಿ, ಕೊಂಬೆ ಒಣಗಿ, ಮರವೇ ಸಾಯುತ್ತದೆ. ಬೇರು ಕೊಳೆಯುವ ರೋಗವೂ ಉಂಟು. ಎಷ್ಟೋ ತೋಟಗಳಲ್ಲಿ ಕಿತ್ತಳೆ ಹೋಗಿ ಕಾಳುಮೆಣಸು ಮಾತ್ರ ಉಳಿಯಿತು. ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ಕಿತ್ತಳೆಯ ಮೇಲೆ ಕೆಲಸ ನಡೆಯುತ್ತಿದೆ.

ನಮ್ಮ ಪೇಟೆಗೆ ನಾಗಪುರದ ಕಿತ್ತಳೆಯೂ ಬರುತ್ತದೆ. ಅದಕ್ಕೆ 2014ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಪಂಜಾಬಿನಿಂದ ಕಿನ್ನೋ ಎಂಬ ಹಣ್ಣು ಬರುತ್ತದೆ. ಬಣ್ಣ ಜೋರು, ರಸ ಬಹಳ, ಬೀಜವೂ ಬಹಳ.

"ನಮ್ಮ ಹಿತ್ತಲಲ್ಲಿ ಕಿತ್ತಳೆ ಯಾಕೆ ಚೆನ್ನಾಗಿ ಬರುವುದಿಲ್ಲ?" ಎಂದು ಕೇಳುತ್ತೀರಾ?

ಕರಾವಳಿಯಲ್ಲಿ ಮಳೆ ಜಾಸ್ತಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ರಾತ್ರಿಯೂ ಸೆಕೆ. ಕಿತ್ತಳೆಗೆ ಕೆಂಪು ಹಳದಿ ಬಣ್ಣ ಬರಬೇಕಾದರೆ ರಾತ್ರಿ ತಂಪು ಬೇಕು. ಇಲ್ಲದಿದ್ದರೆ ಒಳಗೆ ಹಣ್ಣಾದರೂ ಹೊರಗೆ ಹಸಿರೇ ಇರುತ್ತದೆ. ಆದ್ದರಿಂದ ಹಸಿರು ಸಿಪ್ಪೆಯ ಕಿತ್ತಳೆ ಕಂಡರೆ ಕಾಯಿ ಎಂದು ಬಿಡಬೇಡಿ. ಕೈಯಲ್ಲಿ ಎತ್ತಿ ನೋಡಿ. ಭಾರ ಇದ್ದರೆ ರಸ ಉಂಟು.

ನಮ್ಮ ಹಿತ್ತಲಿಗೆ ಹೊಂದುವುದು ಲಿಂಬೆ, ಕಂಚಿಹುಳಿ, ಚಕ್ಕೋತ. ಎತ್ತರದ ಜಾಗದಲ್ಲಿ ನೆಡಿ. ಬಿಸಿಲು ಬೀಳಬೇಕು. ಹಲಸಿನ ಮರದಡಿ ನೆಟ್ಟರೆ ಸೊಪ್ಪು ಬಂದೀತು, ಕಾಯಿ ಬಾರದು. ಎಳೆ ಎಲೆಯನ್ನು ಚಿಟ್ಟೆಯ ಹುಳ ತಿನ್ನುತ್ತದೆ. ಮೊದಲು ಅದು ಹಕ್ಕಿ ಹಿಕ್ಕೆಯ ಹಾಗೆ ಕಾಣುತ್ತದೆ, ಆಮೇಲೆ ಹಸಿರಾಗುತ್ತದೆ. ಮದ್ದು ಹೊಡೆಯುವುದು ಬೇಡ. ಬೆಳಿಗ್ಗೆ ಕೈಯಲ್ಲಿ ಹೆಕ್ಕಿ ತೆಗೆದರೆ ಸಾಕು.

6. ಸಮುದ್ರದ ಮೇಲೆ ಒಂದು ಪರೀಕ್ಷೆ

ಕಾಪುವಿನ ದೀಪಸ್ತಂಭ ನೀವು ನೋಡಿದ್ದೀರಿ. 1901ರಲ್ಲಿ ಕಟ್ಟಿದ್ದು. ಹಡಗಿನವರಿಗೆ ದಾರಿ ತೋರಿಸಲು. ಅದಕ್ಕಿಂತ ಬಹಳ ಹಿಂದೆ, ಹಡಗಿನವರಿಗೆ ಬಂಡೆಗಿಂತ ದೊಡ್ಡ ಭಯ ಒಂದಿತ್ತು. ಅದು ಒಂದು ರೋಗ. ತಿಂಗಳುಗಟ್ಟಲೆ ಸಮುದ್ರದ ಮೇಲೆ ಇದ್ದವರ ವಸಡು ಬಾತು ರಕ್ತ ಬರುತ್ತಿತ್ತು. ಹಲ್ಲು ಉದುರುತ್ತಿತ್ತು. ಹಳೆಯ ಗಾಯ ಬಾಯಿ ಬಿಡುತ್ತಿತ್ತು. ಸಾವಿರಾರು ನಾವಿಕರು ಸತ್ತರು.

1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಒಂದು ಪರೀಕ್ಷೆ ಮಾಡಿದ. 12 ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದೊಂದು ಜೋಡಿಗೆ ಒಂದೊಂದು ಮದ್ದು. ಒಂದು ಜೋಡಿಗೆ ಮಾತ್ರ ದಿನಕ್ಕೆ ತಲಾ ಎರಡು ಕಿತ್ತಳೆ, ಒಂದು ಲಿಂಬೆ. ಆರೇ ದಿನದಲ್ಲಿ ಆ ಜೋಡಿ ಚೇತರಿಸಿತು. ಅವರಲ್ಲಿ ಒಬ್ಬ ಎದ್ದು ಕೆಲಸಕ್ಕೇ ಹೋದ.

ಹಣ್ಣಿನಲ್ಲಿ ಇದ್ದದ್ದು ಸಿ ಜೀವಸತ್ವ. ಆಗ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮೈ ಅದನ್ನು ತಾನೇ ಮಾಡಿಕೊಳ್ಳುವುದಿಲ್ಲ. ತಿನ್ನುವ ಆಹಾರದಿಂದಲೇ ಬರಬೇಕು.

7. ಯಾವ ಹಣ್ಣಿನಲ್ಲಿ ಎಷ್ಟು?

ಗರ್ಭಿಣಿಗೆ ದಿನಕ್ಕೆ ಸುಮಾರು 80 ಮಿಲಿಗ್ರಾಂ ಸಿ ಜೀವಸತ್ವ ಬೇಕು. 100 ಗ್ರಾಂ ಹಣ್ಣಿನಲ್ಲಿ ಎಷ್ಟಿದೆ ನೋಡಿ. ಇದು ಸುಮಾರು ಲೆಕ್ಕ.

ಕಿತ್ತಳೆ: 30 ಮಿಲಿಗ್ರಾಂ
ಸತ್ಸುಮ: ಹೆಚ್ಚು ಕಡಿಮೆ ಅಷ್ಟೇ
ಲಿಂಬೆ: 30 ಮಿಲಿಗ್ರಾಂ
ಮೂಸಂಬಿ: 50 ಮಿಲಿಗ್ರಾಂ
ಚಕ್ಕೋತ: 60 ಮಿಲಿಗ್ರಾಂ
ಪೇರಳೆ: 200 ಮಿಲಿಗ್ರಾಂ
ನೆಲ್ಲಿಕಾಯಿ: ಪೇರಳೆಗಿಂತಲೂ ಹೆಚ್ಚು

ಪಟ್ಟಿ ಓದಿ ಅತ್ತೆ ಕನ್ನಡಕ ತೆಗೆದರು. "ಹಿತ್ತಲ ಪೇರಳೆ ಬಾವಲಿಗೆ ಬಿಟ್ಟು ನಾನು 115 ರೂಪಾಯಿ ಕೊಟ್ಟು ಬಂದೆನಾ!"

ಎಲ್ಲರೂ ನಕ್ಕರು. ಟೀಚರ್ ಹೇಳಿದರು: "ಹೊರದೇಶದ ಹಣ್ಣು ಕೆಟ್ಟದ್ದಲ್ಲ ಅಕ್ಕ. ರುಚಿ ಉಂಟು. ಆಸೆಗೆ ತಿನ್ನಿ. ಆದರೆ ಬೆಲೆ ಜಾಸ್ತಿ ಎಂದು ಸತ್ವ ಜಾಸ್ತಿ ಆಗುವುದಿಲ್ಲ."

8. ಹಾಗಾದರೆ ರಕ್ತಕ್ಕೆ ಏನು?

ಇದು ಮುಖ್ಯ ಮಾತು. ನಿಧಾನವಾಗಿ ಓದಿ.

ರಕ್ತಕ್ಕೆ ಬೇಕಾದದ್ದು ಕಬ್ಬಿಣದ ಅಂಶ. ಕಿತ್ತಳೆ, ಲಿಂಬೆಯಲ್ಲಿ ಕಬ್ಬಿಣ ಬಹಳ ಇಲ್ಲ. ಬರೀ ಕಿತ್ತಳೆ ತಿಂದರೆ ರಕ್ತ ಏರುವುದಿಲ್ಲ. ಆದರೆ ಅದರ ಸಿ ಜೀವಸತ್ವ ಒಂದು ದೊಡ್ಡ ಉಪಕಾರ ಮಾಡುತ್ತದೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ನಮ್ಮ ಮೈಗೆ ಸುಲಭವಾಗಿ ಹಿಡಿಯುವುದಿಲ್ಲ. ಹುಳಿ ಹಣ್ಣು ಜೊತೆಗಿದ್ದರೆ ಹಿಡಿಯುತ್ತದೆ. ಕಬ್ಬಿಣ ಮನೆಗೆ ಬಂದ ನೆಂಟ. ಲಿಂಬೆ ಬಾಗಿಲು ತೆಗೆಯುವ ಮನೆಯವಳು.

ಚಹಾ, ಕಾಫಿ ಆ ಬಾಗಿಲು ಹಾಕುತ್ತವೆ. ಊಟದ ಜೊತೆಗೆ, ಊಟ ಆದ ಕೂಡಲೇ ಚಹಾ ಬೇಡ. ಒಂದು ಗಂಟೆಯಾದರೂ ಬಿಡಿ.

2019ರಿಂದ 2021ರವರೆಗೆ ದೇಶದಲ್ಲಿ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ ಎಂದು ಕಂಡುಬಂತು. ನಮ್ಮ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಂದಿಗೆ. ನಿಮ್ಮ ಕೇಂದ್ರದಲ್ಲಿ ಎಷ್ಟು ಜನ ಕೂತಿದ್ದೀರಿ, ಎಣಿಸಿ. ಹೆಚ್ಚು ಕಡಿಮೆ ಅರ್ಧ ಜನ ಎಂದಾಯಿತು. ಏಣಿ ಹತ್ತಿದರೆ ಏದುಸಿರು, ತಲೆ ಸುತ್ತು, ಸುಸ್ತು ಇದ್ದರೆ "ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಎಂದು ಸುಮ್ಮನಿರಬೇಡಿ. ರಕ್ತ ಪರೀಕ್ಷೆ ಮಾಡಿಸಿ.

ಗರ್ಭಿಣಿಯರಿಗೆ ಸರಕಾರಿ ಆಸ್ಪತ್ರೆಯಲ್ಲಿ ಕಬ್ಬಿಣದ ಮಾತ್ರೆ ಹಣವಿಲ್ಲದೆ ಕೊಡುತ್ತಾರೆ. ದಿನಕ್ಕೊಂದರಂತೆ 180 ದಿನ. ಹೆರಿಗೆ ಆದ ಮೇಲೆ ಇನ್ನೂ 180 ದಿನ. ರಕ್ತ ತುಂಬ ಕಡಿಮೆ ಇದ್ದರೆ ಡಾಕ್ಟರು ಹೆಚ್ಚು ಕೊಡುತ್ತಾರೆ. ಮಾತ್ರೆಯನ್ನು ಲಿಂಬೆ ಶರಬತ್ತಿನ ಜೊತೆ ನುಂಗಬಹುದು. ಚಹಾದ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ತೆಗೆದುಕೊಳ್ಳಿ. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಬೇಡಿ.

9. ಅಡುಗೆ ಮನೆಯಲ್ಲಿ

ಹರಿವೆ ಪಲ್ಯ, ನುಗ್ಗೆ ಸೊಪ್ಪಿನ ಪಲ್ಯ, ಹುರುಳಿ ಸಾರು ಮಾಡುತ್ತೀರಲ್ಲ? ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಲಿಂಬೆ ಹಿಂಡಿ. ಕುದಿಯುವಾಗ ಹಿಂಡಿದರೆ ಹುಳಿ ಉಳಿಯುತ್ತದೆ, ಸಿ ಜೀವಸತ್ವ ಹೋಗುತ್ತದೆ. ಕತ್ತರಿಸಿದ ಹಣ್ಣನ್ನು ಬಹಳ ಹೊತ್ತು ಇಡಬೇಡಿ.

ಹಣ್ಣನ್ನು ಹಿಂಡಿ ಕುಡಿಯುವುದಕ್ಕಿಂತ ತೊಳೆ ತಿನ್ನುವುದು ಒಳ್ಳೆಯದು. ನಾರು ಹೊಟ್ಟೆಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಮುಖ್ಯ.

ಕಿತ್ತಳೆ ಸಿಪ್ಪೆ ಎಸೆಯಬೇಡಿ. ಚೆನ್ನಾಗಿ ತೊಳೆದು ಸಣ್ಣಗೆ ಹೆಚ್ಚಿ. ಹುಣಸೆ ಹುಳಿ, ಬೆಲ್ಲ, ಉಪ್ಪು, ಮೆಣಸು ಹಾಕಿ ಬೇಯಿಸಿದರೆ ಗೊಜ್ಜು. ಗಂಜಿಗೆ ಬಲು ರುಚಿ.

ಒಂದು ಎಚ್ಚರಿಕೆ. ರಕ್ತದೊತ್ತಡಕ್ಕೆ, ಕೊಬ್ಬಿಗೆ ಕೊಡುವ ಕೆಲವು ಮಾತ್ರೆಗಳಿಗೆ ಚಕ್ಕೋತ ಆಗುವುದಿಲ್ಲ. ಅಂಥ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳಿಯೇ ಚಕ್ಕೋತ ತಿನ್ನಿ.

10. ಕಿತ್ತಳೆ ಬುಟ್ಟಿಯಿಂದ ಶಾಲೆ

ಕೊನೆಗೆ ಟೀಚರ್ ಒಂದು ನಿಜ ಸಂಗತಿ ಹೇಳಿದರು.

ಮಂಗಳೂರಿನ ಹತ್ತಿರ ಹರೇಕಳ ಎಂಬ ಊರು. ಅಲ್ಲಿಯ ಹಾಜಬ್ಬ ಮಂಗಳೂರಿನ ಬೀದಿಯಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದರು. ಅವರು ಶಾಲೆ ಕಲಿತವರಲ್ಲ. ಒಂದು ದಿನ ಹೊರದೇಶದವರು ಬಂದು ಇಂಗ್ಲಿಷಿನಲ್ಲಿ ಕಿತ್ತಳೆಯ ಬೆಲೆ ಕೇಳಿದರು. ಹಾಜಬ್ಬರಿಗೆ ತಿಳಿಯಲಿಲ್ಲ. ಉತ್ತರ ಕೊಡಲು ಆಗಲಿಲ್ಲ. ಬಂದವರು ಹೋದರು.

ಆ ನೋವು ಅವರ ಮನಸ್ಸಿನಲ್ಲಿ ಉಳಿಯಿತು. ನಮ್ಮ ಊರಿನ ಮಕ್ಕಳಿಗೆ ಹೀಗೆ ಆಗಬಾರದು ಎಂದುಕೊಂಡರು. ಅವರ ಊರು ನ್ಯೂಪಡ್ಪುವಿನಲ್ಲಿ ಶಾಲೆ ಇರಲಿಲ್ಲ. ಹಾಜಬ್ಬ ಕಿತ್ತಳೆ ಮಾರಿದ ಹಣ ಕೂಡಿಸಿದರು. ಕಚೇರಿಯಿಂದ ಕಚೇರಿಗೆ ಅಲೆದರು. ಊರವರ ಸಹಾಯ ಕೇಳಿದರು. 2000ದ ಹೊತ್ತಿಗೆ ಶಾಲೆ ಆಯಿತು. 2020ರಲ್ಲಿ ಸರಕಾರ ಅವರಿಗೆ ಪದ್ಮಶ್ರೀ ಘೋಷಿಸಿತು. 2021ರ ನವೆಂಬರ್ 8ರಂದು ದೆಹಲಿಯಲ್ಲಿ ರಾಷ್ಟ್ರಪತಿಯವರ ಕೈಯಿಂದ ಅದನ್ನು ಪಡೆದರು. ಜನ ಅವರನ್ನು ಅಕ್ಷರ ಸಂತ ಎನ್ನುತ್ತಾರೆ.

ಕೇಂದ್ರದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅತ್ತೆ ಸೆರಗಿನ ಹಣ್ಣು ಬಿಡಿಸಿದರು. ತೊಳೆ ತೊಳೆ ಮಾಡಿ ಎಲ್ಲರಿಗೂ ಹಂಚಿದರು.

ಎರಡು ತಿಂಗಳು ಕಳೆಯಿತು. ಸೊಸೆ ಮಾತ್ರೆ ತಪ್ಪಿಸಲಿಲ್ಲ. ಅತ್ತೆ ದಿನವೂ ಪಲ್ಯಕ್ಕೆ ಲಿಂಬೆ ಹಿಂಡಿದರು. ಪೇರಳೆಗೆ ಬಟ್ಟೆ ಕಟ್ಟಿ ಬಾವಲಿಯಿಂದ ಉಳಿಸಿದರು. ಮತ್ತೆ ಪರೀಕ್ಷೆ ಆಯಿತು. ಈ ಸಲ ಚೀಟಿಯನ್ನು ಅತ್ತೆಯೇ ಮೊದಲು ಓದಿದರು.

"10.8 ಉಂಟು ಮಗಾ. ಇನ್ನೂ 11 ಆಗಲಿಲ್ಲ. ಮಾತ್ರೆ ಬಿಡಬೇಡ."

ನೆನಪಿಡಿ

ಲಿಂಬೆ, ಕಿತ್ತಳೆ, ಚಕ್ಕೋತ ಒಂದೇ ಮನೆತನ.
ಬೆಲೆ ಬೇರೆ, ಸತ್ವ ಬೇರೆ.
ರಕ್ತಕ್ಕೆ ಕಬ್ಬಿಣ ಬೇಕು. ಕಬ್ಬಿಣ ಹಿಡಿಯಲು ಹುಳಿ ಹಣ್ಣು ಬೇಕು.
ಊಟದ ಜೊತೆ ಚಹಾ ಬೇಡ.
ತಕ್ಕಡಿಯ ಅಂಕೆ ಓದಿ. ಆಸ್ಪತ್ರೆಯ ಚೀಟಿ ಓದಿ.

ಅಭ್ಯಾಸ

1. ನಿಮ್ಮ ಊರಿನಲ್ಲಿ ಸಿಗುವ ಹುಳಿ ಹಣ್ಣುಗಳ ಹೆಸರು ಬರೆಯಿರಿ.
2. ಸತ್ಸುಮ ಯಾವ ದೇಶದ ಹಣ್ಣು? ಅದಕ್ಕೂ ಕೊಡಗಿನ ಕಿತ್ತಳೆಗೂ ಇರುವ ಒಂದು ವ್ಯತ್ಯಾಸ ಬರೆಯಿರಿ.
3. ಪಲ್ಯಕ್ಕೆ ಲಿಂಬೆಯನ್ನು ಯಾವಾಗ ಹಿಂಡಬೇಕು? ಯಾಕೆ?
4. ಲೆಕ್ಕ ಮಾಡಿ: ಕಿತ್ತಳೆ ಕಿಲೋಗೆ 100 ರೂಪಾಯಿ. ತಕ್ಕಡಿಯಲ್ಲಿ 0.750 ಎಂದಿದೆ. ಎಷ್ಟು ಹಣ ಕೊಡಬೇಕು?
5. ನಿಮ್ಮ ರಕ್ತದ ಅಂಕೆ ನಿಮಗೆ ಗೊತ್ತೇ? ಗೊತ್ತಿದ್ದರೆ ಇಲ್ಲಿ ಬರೆಯಿರಿ. ಗೊತ್ತಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಪರೀಕ್ಷೆ ಮಾಡಿಸಿ ಬಂದು ಬರೆಯಿರಿ.